ಸೇಫ್ಟಿ ಆಫೀಸರ್ ಡಿಪ್ಲೊಮಾಗೂ ಒಂದು ಕೊನೆಯ ದಿನಾಂಕ ಬೇಡವೇ?

ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಮಾತು. ಕಾರ್ಖಾನೆಯ ಕೊಳಕು ನೀರನ್ನು ಶುದ್ಧ ಮಾಡುವ ಘಟಕದಲ್ಲಿ, ನಾವು ಇಟಿಪಿ ಅನ್ನುತ್ತೇವಲ್ಲ, ಅಲ್ಲಿ ಒಂದು ಸಂಪ್ ತೊಳೆಸಬೇಕಿತ್ತು. ಎರಡಾಳಿಗಿಂತ ಹೆಚ್ಚು ಆಳ. ನಾನು ಗ್ಯಾಸ್ ಡಿಟೆಕ್ಟರ್ ಹಿಡಿದು ಸಂಪಿನ ಬಾಯಿಯ ಹತ್ತಿರ ಬಗ್ಗಿದೆ. ಆಮ್ಲಜನಕ 20.9 ಪರ್ಸೆಂಟ್ ಅಂತ ತೋರಿಸಿತು, ಹೊರಗಿನ ಗಾಳಿಯಲ್ಲಿ ಇರುವಷ್ಟೇ. ಅಲಾರಂ ಹೊಡೆಯಲಿಲ್ಲ. ವರ್ಕ್ ಪರ್ಮಿಟ್‌ಗೆ ಸಹಿ ಹಾಕಿದೆ. ಇಬ್ಬರು ಗುತ್ತಿಗೆ ಕಾರ್ಮಿಕರು ಇಳಿದರು, ಕೆಲಸ ಮುಗಿಸಿದರು, ಮೇಲೆ ಬಂದು ಟೀ ಕುಡಿದರು. ಏನೂ ಆಗಲಿಲ್ಲ.

ಕೆಲವು ವರ್ಷಗಳ ನಂತರ ಎರಡು ದಿನದ ಒಂದು ತರಬೇತಿಗೆ ಹೋಗಿದ್ದೆ. ಇಕ್ಕಟ್ಟಾದ, ಗಾಳಿಯಾಡದ ಜಾಗಗಳಲ್ಲಿ ಕೆಲಸ ಮಾಡಿಸುವುದು ಹೇಗೆ ಅನ್ನುವುದೇ ವಿಷಯ. ಪಾಠ ಮಾಡುತ್ತಿದ್ದವರು ಡಿಟೆಕ್ಟರ್‌ಗೆ ಉದ್ದನೆಯ ಕೊಳವೆ ಜೋಡಿಸಿ ಮೂರು ಎತ್ತರದಲ್ಲಿ ಗಾಳಿ ಎಳೆದು ತೋರಿಸಿದರು. ಮೇಲೆ, ನಡುವೆ, ತಳದಲ್ಲಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೀಥೇನ್ ಹಗುರ, ಮೇಲೆ ಸೇರುತ್ತದೆ. ಬಾಯಿಯ ಹತ್ತಿರ ಮಾತ್ರ ಅಳೆದರೆ ನಾವು ಅಳೆದದ್ದು ಬಹುಮಟ್ಟಿಗೆ ಹೊರಗಿನ ಗಾಳಿಯನ್ನೇ. ಕೆಸರು ಕಲಕಿದಾಗ ಅದರೊಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಎದ್ದು ಬರುತ್ತದೆ. ಆದ್ದರಿಂದ ಇಳಿಯುವ ಮುಂಚೆ ಒಂದು ಸಲ ಅಳೆದರೆ ಸಾಲದು, ಕೆಲಸ ಮುಗಿಯುವ ತನಕ ಅಳೆಯುತ್ತಲೇ ಇರಬೇಕು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಇಬ್ಬರ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾನು ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಪಾಸಾದವನು. ಸಹಿ ಹಾಕುವ ಅಧಿಕಾರ ಇದ್ದವನು. ಆದರೂ ಅವರು ಉಳಿದದ್ದು ನನ್ನ ತಿಳಿವಳಿಕೆಯಿಂದ ಅಲ್ಲ, ಆ ದಿನ ಸಂಪಿನಲ್ಲಿ ಗ್ಯಾಸ್ ಇರಲಿಲ್ಲ ಅನ್ನುವ ಒಂದೇ ಕಾರಣದಿಂದ.

ಸೇಫ್ಟಿ ಕೆಲಸದಲ್ಲಿ ಇರುವವರು ಡಿಪ್ಲೊಮಾ ಮುಗಿದ ಮೇಲೂ ಯಾಕೆ ಕಲಿಯುತ್ತಿರಬೇಕು, ಏನನ್ನು ಕಲಿಯಬೇಕು, ಕಲಿತದ್ದು ನಿಜವಾಗಿ ಕಲಿತಂತೆ ಆಗುವುದು ಯಾವಾಗ? ಈ ಲೇಖನ ಅದರ ಬಗ್ಗೆ. ಹೊರದೇಶಗಳಲ್ಲಿ ಇದಕ್ಕೆ ಸಿಪಿಡಿ ಅನ್ನುತ್ತಾರೆ. ಕೆಲಸದ ಜೊತೆಜೊತೆಗೇ ನಡೆಯುವ ಕಲಿಕೆ ಅಂತ ಇಟ್ಟುಕೊಳ್ಳೋಣ.

ಮೊದಲು ಕಾನೂನು ಏನು ಕೇಳುತ್ತದೆ ನೋಡೋಣ. 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ 40ಬಿ ಅನ್ನುವ ಕಲಂ ಸೇರಿತು. 1000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಇರಬೇಕು ಎಂದು ಅದು ಹೇಳಿತು. ಅಪಾಯ ಜಾಸ್ತಿ ಇರುವ ಕಡೆ ಸಂಖ್ಯೆ ಕಡಿಮೆ ಇದ್ದರೂ ನೇಮಿಸಿ ಎಂದು ರಾಜ್ಯ ಸರ್ಕಾರ ಹೇಳಬಹುದಿತ್ತು. ಅರ್ಹತೆಯೂ ನಿಯಮದಲ್ಲಿದೆ: ಎಂಜಿನಿಯರಿಂಗ್ ಅಥವಾ ವಿಜ್ಞಾನದ ಓದು, ಕಾರ್ಖಾನೆಯಲ್ಲಿ ಕೆಲಸ ಮಾಡಿದ ಅನುಭವ, ಸರ್ಕಾರ ಒಪ್ಪಿದ ಸೇಫ್ಟಿ ಡಿಗ್ರಿ ಅಥವಾ ಡಿಪ್ಲೊಮಾ. ಇದರ ಜೊತೆಗೆ ಇನ್ನೊಂದು ಷರತ್ತು ಇದೆ. ಅದನ್ನು ಹೆಚ್ಚಿನವರು ಓದಿ ಮರೆತಿರುತ್ತಾರೆ. ಆ ಪ್ರದೇಶದ ಬಹುಪಾಲು ಕಾರ್ಮಿಕರು ಆಡುವ ಭಾಷೆ ಅವರಿಗೆ ಚೆನ್ನಾಗಿ ಗೊತ್ತಿರಬೇಕು. ಈ ಷರತ್ತಿಗೆ ಆಮೇಲೆ ಬರುತ್ತೇನೆ.

ಇವೆಲ್ಲ ಕೆಲಸಕ್ಕೆ ಸೇರುವ ದಿನದ ಅರ್ಹತೆಗಳು. ಸೇರಿದ ಮೇಲೆ ಡಿಪ್ಲೊಮಾ ನವೀಕರಿಸಬೇಕು ಅನ್ನುವ ಮಾತಿಲ್ಲ. ಗೋಡೆಯ ಮೇಲೆ ತೂಗುವ ಬೆಂಕಿ ನಂದಿಸುವ ಸಿಲಿಂಡರ್‌ಗೆ ಮತ್ತೆ ತುಂಬಿಸುವ ದಿನಾಂಕ ಇದೆ. ಕ್ರೇನಿಗೆ, ಲಿಫ್ಟಿಗೆ, ಒತ್ತಡದ ಟ್ಯಾಂಕಿಗೆ ಪರೀಕ್ಷೆಯ ದಿನಾಂಕ ಇದೆ. ಗ್ಯಾಸ್ ಡಿಟೆಕ್ಟರ್‌ಗೆ ಕ್ಯಾಲಿಬ್ರೇಷನ್ ದಿನಾಂಕ ಇದೆ. ಅದನ್ನು ಹಿಡಿಯುವ ಮನುಷ್ಯನಿಗೆ ಮಾತ್ರ ಇಲ್ಲ.

ಬೇರೆ ಕಡೆ ಹಾಗಿಲ್ಲ. ಅಮೆರಿಕದಲ್ಲಿ ಸಿಎಸ್‌ಪಿ ಎಂಬ ಸೇಫ್ಟಿ ಸರ್ಟಿಫಿಕೇಟ್ ಇಟ್ಟುಕೊಂಡವರು 5 ವರ್ಷಕ್ಕೊಮ್ಮೆ 25 ಅಂಕ ತೋರಿಸಬೇಕು. ತರಬೇತಿಗೆ, ಪಾಠ ಮಾಡಿದ್ದಕ್ಕೆ, ಬರೆದದ್ದಕ್ಕೆ ಇಷ್ಟಿಷ್ಟು ಅಂತ ಲೆಕ್ಕ ಇದೆ. ಬ್ರಿಟನ್ನಿನಲ್ಲಿ ಸೇಫ್ಟಿ ಕೆಲಸದವರ ಸಂಸ್ಥೆಯಾದ ಐಯೋಷ್‌ನ ಚಾರ್ಟರ್ಡ್ ಸದಸ್ಯರೂ ತಮ್ಮ ಕಲಿಕೆಯ ದಾಖಲೆ ಇಡಲೇಬೇಕು. ದುಬೈ, ಮಸ್ಕತ್, ದೋಹಾ ಕಡೆ ಸೈಟುಗಳಲ್ಲಿ ಕೆಲಸ ಮಾಡುವ ನಮ್ಮ ಮಂಗಳೂರು, ಉಡುಪಿ ಹುಡುಗರಿಗೆ ಇದು ಹೊಸದಲ್ಲ. ಅಲ್ಲಿ ಸಂದರ್ಶನದಲ್ಲಿಯೇ ಕೇಳುತ್ತಾರೆ.

ಸರಿ, ಹತ್ತು ವರ್ಷದಲ್ಲಿ ಹಳತಾಗುವುದು ಏನು?

ಕಾನೂನು ಹಳತಾಗುತ್ತದೆ, ಅದು ಎಲ್ಲರಿಗೂ ಗೊತ್ತು. ನಾನು ಓದುವಾಗ ಬಾಯಿಪಾಠ ಮಾಡಿದ 1000 ಅನ್ನುವ ಸಂಖ್ಯೆಯೇ ಈಗ ಬದಲಾಗಿದೆ. 2020ರಲ್ಲಿ ಪಾಸಾದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಅದರ ಪ್ರಕಾರ 500 ಕಾರ್ಮಿಕರ ಕಾರ್ಖಾನೆಗೆ, ಅಪಾಯಕಾರಿ ಪ್ರಕ್ರಿಯೆ ನಡೆಯುವ 250 ಕಾರ್ಮಿಕರ ಕಾರ್ಖಾನೆಗೆ, 250 ಜನರ ಕಟ್ಟಡ ಕೆಲಸಕ್ಕೆ, 100 ಜನರ ಗಣಿಗೆ ಸೇಫ್ಟಿ ಆಫೀಸರ್ ಬೇಕು. ಇಂಥ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಸುತ್ತೋಲೆ ಬರುತ್ತದೆ, ಎಚ್‌ಆರ್‌ನವರು ಕರೆದು ಕೇಳುತ್ತಾರೆ. ಕಷ್ಟ ಇರುವುದು ಸುತ್ತೋಲೆ ಬಾರದ ಬದಲಾವಣೆಗಳಲ್ಲಿ.

ಅಡುಗೆಮನೆಯ ಕಟ್ಟೆಯನ್ನೇ ತೆಗೆದುಕೊಳ್ಳಿ. ಹಿಂದೆ ಕಡಪ ಕಲ್ಲು, ಆಮೇಲೆ ಗ್ರಾನೈಟ್. ಈಗ ಹೊಸ ಫ್ಲಾಟುಗಳಲ್ಲಿ ‘ಕ್ವಾರ್ಟ್ಜ್’ ಅಂತ ಮಾರುವ ಕೃತಕ ಕಲ್ಲು ಬಂದಿದೆ. ಕಲ್ಲಿನ ಪುಡಿಯನ್ನು ರೆಸಿನ್‌ ಜೊತೆ ಬೆರೆಸಿ ಒತ್ತಿ ಮಾಡುವ ಹಲಗೆ ಅದು. ನೋಡಲು ಚೆಂದ, ಕಲೆ ಹಿಡಿಯುವುದಿಲ್ಲ. ಆದರೆ ಅದರಲ್ಲಿ ಸಿಲಿಕಾ 90 ಪರ್ಸೆಂಟ್ ದಾಟುವುದೂ ಉಂಟು. ಗ್ರಾನೈಟಿನಲ್ಲಿ ಇರುವುದು ಇದರ ಅರ್ಧಕ್ಕಿಂತ ಕಡಿಮೆ. ಸಿಂಕಿನ ತೂತು ಕೊರೆಯಲು, ಅಂಚು ನಯ ಮಾಡಲು ಒಣ ಗ್ರೈಂಡರ್ ಹಚ್ಚಿದರೆ ಏಳುವ ಧೂಳು ಅತಿ ಸಣ್ಣದು, ಕಣ್ಣಿಗೆ ಕಾಣದ್ದು. ಅದು ಶ್ವಾಸಕೋಶದ ತಳ ಸೇರಿ ಅಲ್ಲೇ ಉಳಿಯುತ್ತದೆ.

ಈ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೇ ಸಿಲಿಕೋಸಿಸ್. ನಮಗೆ ಅದು ಹೊಸ ಹೆಸರಲ್ಲ. ಕೋಲಾರದ ಚಿನ್ನದ ಗಣಿಯ ಮನೆಮನೆಗೂ ಈ ಕಾಯಿಲೆಯ ಪರಿಚಯ ಇತ್ತು. ಕಾರ್ಖಾನೆ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲಿ, ಕಂಡರೆ ಇಲಾಖೆಗೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ, ಅದು ಆಗಲೇ ಇತ್ತು. ಹೊಸದು ಏನೆಂದರೆ ವೇಗ. ಗಣಿಯಲ್ಲಿ ದಶಕಗಳ ನಂತರ ಬರುತ್ತಿದ್ದ ಕಾಯಿಲೆ, ಕೃತಕ ಕಲ್ಲು ಕೊಯ್ಯುವ ಯುವಕರಲ್ಲಿ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಂಡಿತು. ಕೊನೆಗೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು. ಮಾಡುವುದು, ಮಾರುವುದು, ಕೊಯ್ಯುವುದು, ಜೋಡಿಸುವುದು, ಎಲ್ಲವೂ ನಿಂತವು.

ನಮ್ಮಲ್ಲಿ? ಯಾವುದೋ ಹೊಸ ಆಫೀಸು ಕಟ್ಟಡದ ಪ್ಯಾಂಟ್ರಿಯಲ್ಲಿ, ಬಾಗಿಲು ಹಾಕಿಕೊಂಡು, ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡ ಹುಡುಗನೊಬ್ಬ ಅದೇ ಕಲ್ಲನ್ನು ಒಣಗಿದ್ದಂತೆಯೇ ಕೊಯ್ಯುತ್ತಿರುತ್ತಾನೆ. ಆ ಸೈಟಿನ ಸೇಫ್ಟಿ ಆಫೀಸರ್ ಪಕ್ಕದಲ್ಲೇ ಹಾದುಹೋಗುತ್ತಾರೆ, ಅವನ ಹೆಲ್ಮೆಟ್ ಪಟ್ಟಿ ಬಿಗಿಯಾಗಿದೆಯಾ ಅಂತ ನೋಡುತ್ತಾರೆ. ಅವರದು ಸೋಮಾರಿತನ ಅಲ್ಲ. ಅವರು ಓದಿದ ಪುಸ್ತಕದಲ್ಲಿ ಆ ಕಲ್ಲು ಇರಲಿಲ್ಲ, ಅಷ್ಟೇ. ಗೊತ್ತಿದ್ದರೆ ಮಾಡಬಹುದಾದದ್ದು ಬಹಳ ಇದೆ. ಕಲ್ಲನ್ನು ವರ್ಕ್‌ಶಾಪಿನಲ್ಲೇ ನೀರು ಹರಿಸಿ ಕೊಯ್ದು ತರಿಸಬಹುದು. ಸೈಟಿನಲ್ಲಿ ಒಣ ಗ್ರೈಂಡಿಂಗ್ ನಿಲ್ಲಿಸಬಹುದು. ಎಲ್ಲಕ್ಕಿಂತ ಮೊದಲು, ಬೇರೆ ಕಲ್ಲು ಹಾಕೋಣ ಅಂತ ಆರ್ಕಿಟೆಕ್ಟ್ ಹತ್ತಿರ ಹೇಳಬಹುದು.

ಲಿಥಿಯಂ ಬ್ಯಾಟರಿಯ ಕಥೆಯೂ ಇಂಥದ್ದೇ. ಸ್ಟೋರಿನಲ್ಲಿ ಒಣ ಪುಡಿಯ ಸಿಲಿಂಡರ್ ಇಟ್ಟು ‘ಎಲ್ಲ ಬೆಂಕಿಗೂ ಆಗುತ್ತೆ’ ಅನ್ನುತ್ತಿದ್ದೆವು. ಬ್ಯಾಟರಿಯೊಳಗೆ ಬಿಸಿ ತಾನೇ ಬಿಸಿಯನ್ನು ಹುಟ್ಟಿಸುತ್ತಾ ಹೋಗುವಾಗ ಪುಡಿ ಮೇಲಿನ ಜ್ವಾಲೆಯನ್ನು ಮಾತ್ರ ಆರಿಸುತ್ತದೆ. ಒಳಗಿನ ಬಿಸಿ ಇಳಿಯಬೇಕಾದರೆ ಬಹಳ ನೀರು ಬೇಕು, ಬಹಳ ಹೊತ್ತು ಬೇಕು. ಆರಿತು ಅಂದುಕೊಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು.

ಇನ್ನು ಕೆಲವು ವಿಷಯಗಳು ಹಳೆಯವೇ, ಆದರೆ ಕೆಲಸದ ರೀತಿ ಬದಲಾಗಿರುತ್ತದೆ. ಶಬ್ದದ ಮಿತಿ 8 ಗಂಟೆಗೆ 90 ಡೆಸಿಬಲ್ ಅಂತ ನಾವು ಕಲಿತಿದ್ದೇವೆ. 5 ಡೆಸಿಬಲ್ ಏರಿದರೆ ಸಮಯ ಅರ್ಧ ಆಗಬೇಕು, ಅಂದರೆ 95ಕ್ಕೆ 4 ಗಂಟೆ. ಈಗ ಎಷ್ಟೋ ಕಡೆ ಶಿಫ್ಟ್ 12 ಗಂಟೆ ಓಡುತ್ತದೆ. ಅದೇ ಲೆಕ್ಕ ಮುಂದುವರಿಸಿದರೆ ಮಿತಿ ಸುಮಾರು 87ಕ್ಕೆ ಇಳಿಯುತ್ತದೆ. ಆದರೆ ನಾನು ನೋಡಿದ ಎಷ್ಟೋ ರಿಪೋರ್ಟುಗಳಲ್ಲಿ 12 ಗಂಟೆಯ ಶಿಫ್ಟಿನ ಪಕ್ಕದಲ್ಲಿ ‘89, ಮಿತಿಯೊಳಗೆ ಇದೆ’ ಅಂತ ಬರೆದಿರುತ್ತದೆ. ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕ ಸರ್ಕಾರದ ನಯೋಷ್ ಸಂಸ್ಥೆಯ ಶಿಫಾರಸು ಇನ್ನೂ ಬಿಗಿ: 8 ಗಂಟೆಗೆ 85, ಬರೀ 3 ಡೆಸಿಬಲ್ ಏರಿದರೆ ಸಮಯ ಅರ್ಧ. ಕಾನೂನಿನ ಮಿತಿಯೊಳಗೆ ಇದ್ದೂ ಕಿವಿ ಹೋಗಬಹುದು ಅನ್ನುವುದು ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟಾಗಲೇ ನನಗೆ ತಿಳಿದದ್ದು.

ಎಲ್ಲಕ್ಕಿಂತ ಕಷ್ಟ, ನಂಬಿಕೊಂಡು ಬಂದದ್ದನ್ನು ಬಿಡುವುದು. ತರಬೇತಿ ಹಾಲಿನ ಗೋಡೆಯ ಮೇಲೆ ಹೈನ್ರಿಕ್ ತ್ರಿಕೋನ ನೋಡಿರುತ್ತೀರಿ. ಅಮೆರಿಕದ ಸುರಕ್ಷತಾ ತಜ್ಞ ಹೈನ್ರಿಕ್ ಅವರು ಕೊಟ್ಟದ್ದು, 1931ರದ್ದು. ಗಾಯವಾಗದ 300 ಘಟನೆಗಳಿಗೆ 29 ಸಣ್ಣ ಗಾಯ, ಒಂದು ದೊಡ್ಡ ಗಾಯ ಅನ್ನುವ ಲೆಕ್ಕ ಅದು. 88 ಪರ್ಸೆಂಟ್ ಅಪಘಾತಗಳಿಗೆ ಕಾರ್ಮಿಕರ ತಪ್ಪು ನಡೆಯೇ ಕಾರಣ ಅನ್ನುವುದೂ ಅವರದೇ ಮಾತು. ನಾನೂ ಎಷ್ಟೋ ವರ್ಷ ಇದನ್ನೇ ಹೇಳಿಕೊಟ್ಟೆ. ತಳದ ಸಣ್ಣ ಗಾಯಗಳನ್ನು ಕಡಿಮೆ ಮಾಡಿ, ಮೇಲಿನ ಸಾವು ತಾನೇ ಕಡಿಮೆ ಆಗುತ್ತದೆ ಅಂತ. ಆಮೇಲೆ ಅಮೆರಿಕದ ಟೆಕ್ಸಸ್ ಸಿಟಿಯ ತೈಲ ರಿಫೈನರಿ ಸ್ಫೋಟದ ತನಿಖೆಯ ಬಗ್ಗೆ ಓದಿದೆ. 2005ರ ಮಾರ್ಚ್ 23ರಂದು ಅಲ್ಲಿ 15 ಜನ ಸತ್ತರು, ಸುಮಾರು 180 ಜನಕ್ಕೆ ಗಾಯವಾಯಿತು. ಅಲ್ಲಿ ಎಡವಿ ಬಿದ್ದದ್ದು, ಕೈ ಕೊಯ್ದುಕೊಂಡದ್ದರ ಲೆಕ್ಕ ಚೆನ್ನಾಗಿಯೇ ಕಾಣುತ್ತಿತ್ತು. ಟವರಿನೊಳಗೆ ದ್ರವ ಎಷ್ಟು ಎತ್ತರ ತುಂಬಿದೆ ಅಂತ ತೋರಿಸಬೇಕಾದ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬೆರಳಿನ ಗಾಯ ಎಣಿಸುವವರ ಕಣ್ಣಿಗೆ ಅದು ಬೀಳುವುದಿಲ್ಲ, ಅಲ್ವಾ? ಸಾವಿಗೆ ಕಾರಣವಾಗುವ ವಿಷಯಗಳು ಬೇರೆ, ಬ್ಯಾಂಡೇಜಿಗೆ ಕಾರಣವಾಗುವ ವಿಷಯಗಳು ಬೇರೆ. ‘ಅಪಘಾತವಿಲ್ಲದ 500 ದಿನ’ ಅನ್ನುವ ಬೋರ್ಡು ಗೇಟಿನಲ್ಲಿ ನೋಡಿದಾಗ ನಾನು ಈಗ ಒಳಗಿನ ರಿಲೀಫ್ ವಾಲ್ವ್‌ಗಳ ಬಗ್ಗೆ, ಅಂದರೆ ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳಬೇಕಾದ ವಾಲ್ವ್‌ಗಳ ಬಗ್ಗೆ, ಕೇಳುತ್ತೇನೆ.

ಈಗ ಭಾಷೆಯ ಷರತ್ತಿಗೆ ಬರೋಣ. ಆ ನಿಯಮ ಬರೆದಾಗ ಪೀಣ್ಯದಲ್ಲಿ, ಹರಿಹರದಲ್ಲಿ, ಭದ್ರಾವತಿಯಲ್ಲಿ ಕಾರ್ಮಿಕರ ಭಾಷೆ ಅಂದರೆ ಕನ್ನಡ. ಹೊರಗಿನಿಂದ ಬಂದ ಆಫೀಸರ್ ಕನ್ನಡ ಕಲಿಯಲಿ ಅನ್ನುವುದು ಅದರ ಉದ್ದೇಶ ಇರಬೇಕು. ಈಗ ಪೀಣ್ಯದ ಒಂದು ಶೆಡ್ಡಿಗೆ ಹೋಗಿ. ಆಪರೇಟರ್ ತುಮಕೂರಿನವರು, ವೆಲ್ಡರ್ ಬಿಹಾರದವರು, ಹೆಲ್ಪರ್‌ಗಳು ಒಡಿಶಾ, ಅಸ್ಸಾಂ ಕಡೆಯವರು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಸುರಕ್ಷತೆಯ ಬಗ್ಗೆ ಹೇಳುವ ಮಾತು, ನಾವು ಟೂಲ್‌ಬಾಕ್ಸ್ ಟಾಕ್ ಅನ್ನುವುದು, ಹತ್ತು ನಿಮಿಷ ಕನ್ನಡದಲ್ಲಿ ನಡೆಯುತ್ತದೆ, ಕೊನೆಗೆ ಎರಡು ಸಾಲು ಹಿಂದಿ. ‘ಅರ್ಥ ಆಯ್ತಾ?’ ‘ಆಯ್ತು ಸಾರ್.’ ಎಲ್ಲರೂ ತಲೆ ಆಡಿಸುತ್ತಾರೆ. ರಿಜಿಸ್ಟರಿನಲ್ಲಿ ಸಹಿ ಬೀಳುತ್ತದೆ.

ನಾನು ಇದನ್ನೇ ಎಷ್ಟೋ ವರ್ಷ ತರಬೇತಿ ಅಂದುಕೊಂಡಿದ್ದೆ. ಒಂದು ದಿನ ಒಬ್ಬ ಹೆಲ್ಪರ್ ಹುಡುಗನಿಗೆ, ಈಗ ನಾನು ಹೇಳಿದ್ದನ್ನು ನೀನು ಮಾಡಿ ತೋರಿಸು ಅಂದೆ. ಮಷಿನ್ ರಿಪೇರಿ ಮಾಡುವ ಮುಂಚೆ ಕರೆಂಟ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಳ್ಳಬೇಕು. ಅವನು ಬೀಗ ಹಾಕಿದ. ಕೀಲಿಯನ್ನು ಬೀಗದಲ್ಲೇ ಬಿಟ್ಟ. ಯಾಕೆ ಅಂತ ಕೇಳಿದೆ. ಬೇರೆಯವರಿಗೆ ಬೇಕಾದರೆ ತೆಗೆಯಲು ಸುಲಭ ಆಗಲಿ ಅಂತ, ಅಂದ. ಅವನ ಪ್ರಕಾರ ಅದು ಒಳ್ಳೆಯ ಅಭ್ಯಾಸ. ಬೀಗ ಯಾಕೆ ಅನ್ನುವುದನ್ನು ನಾನು ಅವನಿಗೆ ಮುಟ್ಟಿಸಿರಲೇ ಇಲ್ಲ.

ಅಂದಿನಿಂದ ಅರ್ಥ ಆಯ್ತಾ ಅಂತ ಕೇಳುವುದು ಬಿಟ್ಟೆ. ಮಾಡಿ ತೋರಿಸು, ನಿನ್ನ ಭಾಷೆಯಲ್ಲಿ ನಿನ್ನ ಪಕ್ಕದವನಿಗೆ ಹೇಳು ಅನ್ನುತ್ತೇನೆ. ಹಿಂದಿ ಸುಧಾರಿಸಿಕೊಂಡೆ. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಆದರೆ ನನ್ನ ಕೆಲಸದ ಜೀವನದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕಲಿಕೆ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ.

ಕಲಿಕೆಯ ಲೆಕ್ಕ ಇಡುವುದರಲ್ಲಿ ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಗಂಟೆ ಎಣಿಸುತ್ತಾರೆ, ಸರ್ಟಿಫಿಕೇಟ್ ಎಣಿಸುತ್ತಾರೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಒಂದು ಸೆಮಿನಾರು, ಊಟ, ಗ್ರೂಪ್ ಫೋಟೋ. ಇವು ಬೇಡ ಅಂತಲ್ಲ. ಆದರೆ ಮರುದಿನ ಶಾಪ್ ಫ್ಲೋರಿನಲ್ಲಿ ಏನೂ ಬದಲಾಗದಿದ್ದರೆ ಅದು ಸುಮ್ನೆ ಹಾಜರಿ. ನಾನು ಒಂದು ಸಾದಾ ನೋಟ್‌ಬುಕ್ ಇಟ್ಟಿದ್ದೇನೆ. ಏನು ಕಲಿತೆ, ಅದರಿಂದ ನಾನು ಮಾಡುತ್ತಿದ್ದ ಯಾವ ಕೆಲಸ ತಪ್ಪು ಅಂತ ಗೊತ್ತಾಯಿತು, ಅದಕ್ಕೆ ಏನು ಬದಲಾಯಿಸಿದೆ, ಅಷ್ಟನ್ನೇ ಬರೆಯುತ್ತೇನೆ. ಮೂರನೆಯದು ಖಾಲಿ ಉಳಿದ ಪುಟಕ್ಕೆ ಮೂರು ತಿಂಗಳ ನಂತರ ಮತ್ತೆ ಬರುತ್ತೇನೆ. ಎಷ್ಟೋ ಸಲ ಖಾಲಿಯೇ ಇರುತ್ತದೆ. ಕಾರಣ ಹೆಚ್ಚಾಗಿ ಹಣ, ಅಥವಾ ಮೇಲಿನವರ ಒಪ್ಪಿಗೆ. ಆಗ ಮುಂದೆ ಏನು ಕಲಿಯಬೇಕು ಅನ್ನುವುದೂ ಗೊತ್ತಾಗುತ್ತದೆ: ಮ್ಯಾನೇಜ್‌ಮೆಂಟಿಗೆ ಖರ್ಚಿನ ಲೆಕ್ಕ ಒಪ್ಪಿಸುವುದು ಹೇಗೆ ಅನ್ನುವುದನ್ನು. ಸೇಫ್ಟಿ ಕೋರ್ಸುಗಳಲ್ಲಿ ಇದನ್ನು ಹೇಳಿಕೊಡುವುದು ಕಡಿಮೆ.

ಎಲ್ಲಿ ಕಲಿಯುವುದು? ಮುಂಬೈಯ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈಯ ಪ್ರಾದೇಶಿಕ ಕಾರ್ಮಿಕ ಸಂಸ್ಥೆ ಕೋರ್ಸುಗಳನ್ನು ನಡೆಸುತ್ತವೆ. 1966ರಲ್ಲಿ ಶುರುವಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಗೆ ಬೆಂಗಳೂರಿನಲ್ಲಿ ಕರ್ನಾಟಕದ ಶಾಖೆ ಇದೆ. ದುಡ್ಡಿಲ್ಲದೆ ಕಲಿಯುವುದಾದರೆ, ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ತನ್ನ ತನಿಖೆಗಳನ್ನು ಅನಿಮೇಷನ್ ವಿಡಿಯೋ ಮಾಡಿ ಉಚಿತವಾಗಿ ಹಾಕುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಚಿತ್ರ ನೋಡಿಯೇ ಬಹಳ ತಿಳಿಯುತ್ತದೆ. ನಮ್ಮ ಸೂಪರ್‌ವೈಸರ್‌ಗಳನ್ನು ಕೂರಿಸಿ, ನಡುನಡುವೆ ನಿಲ್ಲಿಸಿ, ಮುಂದೆ ಏನಾಗುತ್ತದೆ ಹೇಳಿ ಅಂತ ಕೇಳುತ್ತೇನೆ. ಬೇರೆಯವರ ಅಪಘಾತದಿಂದ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಹತ್ತಿರದ ಅಪಘಾತಗಳನ್ನೂ ಹಾಗೇ ಓದಬೇಕು. 2020ರ ಮೇ 7ರಂದು ವಿಶಾಖಪಟ್ಟಣದ ಒಂದು ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಅನ್ನುವ ರಾಸಾಯನಿಕದ ಆವಿ ಸೋರಿ 12 ಜನ ಸತ್ತರು. ಲಾಕ್‌ಡೌನಿನಲ್ಲಿ ಕಾರ್ಖಾನೆ ನಿಂತಿತ್ತು, ಟ್ಯಾಂಕಿನೊಳಗಿನ ರಸಾಯನ ನಿಂತಿರಲಿಲ್ಲ. ಅದನ್ನು ತಣ್ಣಗೆ ಇಡಬೇಕಿತ್ತು, ತಾನೇ ಗಟ್ಟಿಯಾಗುತ್ತಾ ಬಿಸಿಯೇರದಂತೆ ತಡೆಯುವ ರಾಸಾಯನಿಕ ಸಾಕಷ್ಟು ಇರಬೇಕಿತ್ತು. ಇದನ್ನು ಸುದ್ದಿಯಾಗಿ ಓದಿದರೆ ಮರುಕ ಹುಟ್ಟುತ್ತದೆ. ಪಾಠವಾಗಿ ಓದಿದರೆ ಒಂದು ಪ್ರಶ್ನೆ ಹುಟ್ಟುತ್ತದೆ: ದಸರಾ ರಜೆಗೆ ನಮ್ಮ ಪ್ಲಾಂಟ್ ನಾಲ್ಕು ದಿನ ನಿಂತಾಗ, ನಿಲ್ಲದೆ ಒಳಗೆ ಏನೋ ಮಾಡುತ್ತಿರುವ ಟ್ಯಾಂಕ್ ಯಾವುದು?

ಇಷ್ಟು ಹೇಳಿದ ಮೇಲೆ ಒಂದು ದುಃಖದ ಮಾತೂ ಹೇಳಬೇಕು. ಈ ಕಾನೂನು, ಈ ಅರ್ಹತೆ, ಈ ಕೋರ್ಸು ಎಲ್ಲ ದೊಡ್ಡ ಕಾರ್ಖಾನೆಗಳ ವಿಷಯ. ಹದಿನೈದು ಜನರ ಪ್ರೆಸ್ ಶಾಪಿನಲ್ಲಿ ಸೇಫ್ಟಿ ಆಫೀಸರ್ ಇರುವುದಿಲ್ಲ. ಅಲ್ಲಿ ಮಾಲೀಕರೇ ಎಲ್ಲ, ಇಲ್ಲವೇ ಹಿರಿಯ ಫಿಟ್ಟರ್. ಬೆರಳು ಹೋಗುವುದು ಅಲ್ಲೇ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕೊಡುವವರು ಇವರೇ ಅಲ್ವಾ? ದೊಡ್ಡ ಕಂಪನಿಯ ಸೇಫ್ಟಿ ಆಫೀಸರ್ ತಿಂಗಳಿಗೆ ಒಂದು ಅರ್ಧ ದಿನ ಇಂಥ ಶೆಡ್ಡುಗಳಿಗೆ ಹೋಗಿ ಬಂದರೆ ಇಬ್ಬರೂ ಕಲಿಯುತ್ತಾರೆ. ನಾನು ಹೋದಾಗ ಒಬ್ಬ ಹಿರಿಯ ಫಿಟ್ಟರ್, ಪ್ರೆಸ್ಸಿನ ಕ್ಲಚ್ ಸವೆದಿದೆ ಅನ್ನುವುದನ್ನು ಬರೀ ಶಬ್ದ ಕೇಳಿ ಹೇಳಿದರು. ಅಂಥ ಕ್ಲಚ್ ಇದ್ದರೆ, ಪೆಡಲ್ ಒಂದೇ ಸಲ ಒತ್ತಿದರೂ ಪ್ರೆಸ್ ಎರಡು ಸಲ ಹೊಡೆಯಬಹುದು. ಆ ಕಿವಿ ನನ್ನ ಡಿಪ್ಲೊಮಾದಲ್ಲಿ ಇರಲಿಲ್ಲ.

ಸಂಪಿನ ವಿಷಯಕ್ಕೆ ಬಂದರೆ, ಆ ತರಬೇತಿಯ ಮರುವಾರವೇ ಪರ್ಮಿಟ್ ಫಾರಂ ಬದಲಾಯಿಸಿದೆ. ಗ್ಯಾಸ್ ಅಳತೆಗೆ ಒಂದು ಖಾನೆ ಇದ್ದದ್ದು ಮೂರಾಯಿತು: ಮೇಲೆ, ನಡು, ತಳ. ನೋಡುವ ಕ್ರಮವನ್ನೂ ಬರೆಸಿದೆ. ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಗ್ಯಾಸ್, ಆಮೇಲೆ ವಿಷದ ಗ್ಯಾಸ್. ಕಾರಣ ಇದೆ. ನಮ್ಮ ಡಿಟೆಕ್ಟರಿನಂಥವುಗಳಲ್ಲಿ ಹೊತ್ತಿಕೊಳ್ಳುವ ಗ್ಯಾಸ್ ಅಳೆಯುವ ಸೆನ್ಸರ್ ಆ ಗ್ಯಾಸನ್ನು ತನ್ನೊಳಗೆ ಸ್ವಲ್ಪವೇ ಉರಿಸಿ ನೋಡುತ್ತದೆ. ಉರಿಯಲು ಆಮ್ಲಜನಕ ಬೇಕು. ಆಮ್ಲಜನಕವೇ ಕಡಿಮೆ ಇದ್ದರೆ ಅದು ಸುಳ್ಳು ಹೇಳುತ್ತದೆ, ಅಪಾಯ ಇಲ್ಲ ಅನ್ನುತ್ತದೆ. ಆಮ್ಲಜನಕ 19.5ಕ್ಕಿಂತ ಕೆಳಗೆ ಇದ್ದರೆ ಯಾರೂ ಇಳಿಯುವಂತಿಲ್ಲ. ಮೂಗನ್ನು ನಂಬಬೇಡಿ ಅಂತಲೂ ಒಂದು ಸಾಲು ಸೇರಿಸಿದೆ. ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆಯ ವಾಸನೆ, ಗ್ಯಾಸ್ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಹತ್ತಿರ ಬಂದಾಗ ಮೂಗಿಗೆ ತಿಳಿಯುವುದೇ ನಿಂತುಹೋಗುತ್ತದೆ. ವಾಸನೆ ಹೋಯಿತು, ಗ್ಯಾಸ್ ಹೋಯಿತು ಅಂದುಕೊಂಡು ಇಳಿದವರು ಮೇಲೆ ಬರುವುದಿಲ್ಲ. ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ.

ಈಚೆಗೆ ಮತ್ತೊಂದು ಸಂಪ್ ತೊಳೆಸುವ ದಿನ. ನಾನು ಫಾರಂ ತುಂಬುತ್ತಾ ನಿಂತಿದ್ದೆ, ಫೋನ್ ಬಂತು, ಮಾತಾಡುತ್ತಲೇ ಸಹಿ ಹಾಕಲು ಪೆನ್ ಎತ್ತಿದೆ. ಇಳಿಯಲು ಬೆಲ್ಟ್ ಕಟ್ಟಿಕೊಂಡು ನಿಂತಿದ್ದ ಹುಡುಗ ಫಾರಂ ಕಡೆ ಕೈ ತೋರಿಸಿ ಅಂದ: ‘ಸಾರ್, ತಳದ್ದು ಇನ್ನೂ ನೋಡಿಲ್ಲ.’ ನಾನು ಫೋನ್ ಇಟ್ಟೆ. ಅವನೇ ಕೊಳವೆ ಕೆಳಗೆ ಬಿಟ್ಟ.